ಆಸ್ಟ್ರೇಲಿಯದಲ್ಲಿ ಬೆಕ್ಕು ಮತ್ತು ಬೇಲಿ: ಒಂದು ಐತಿಹಾಸಿಕ ವಿವೇಚನೆ

ಬೇಲಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹೊಲದ ಒಡೆತನವನ್ನೋ ರಾಜ್ಯದ ಗಡಿಯನ್ನೋ ಗಮನದಲ್ಲಿಟ್ಟುಕೊಂಡು ಬರೆದಿದ್ದಾರೆ. ಆದರೆ ಬೇಲಿಯೆಂಬುದು ಮನುಷ್ಯನಿಗೂ ಪ್ರಾಣಿಗೂ ಇರುವ ಸಂಬಂಧದ ದಾಖಲೆಯೂ ಹೌದು. ಯಾರನ್ನು ಒಳಗಿಡಬೇಕು, ಯಾರನ್ನು ಹೊರಗಿಡಬೇಕು ಎಂಬ ಪ್ರಶ್ನೆಗೆ ಒಂದೊಂದು ಕಾಲದ ಸಮಾಜವು ಕೊಟ್ಟ ಉತ್ತರ ಅದರಲ್ಲಿ ಅಡಗಿರುತ್ತದೆ. ಪ್ರಕೃತ ಲೇಖನದಲ್ಲಿ ನಾವು ಆಸ್ಟ್ರೇಲಿಯ ದೇಶದ ಒಂದು ಉದಾಹರಣೆಯನ್ನು ಪರಾಮರ್ಶಿಸಲು ಉದ್ದೇಶಿಸಿದ್ದೇವೆ. ಅಲ್ಲಿ ಮನೆಯ ಬೆಕ್ಕಿಗಾಗಿ ಹಿತ್ತಲಿನಲ್ಲಿ ಬಲೆ ಹೊದಿಸಿದ ಅಂಗಳವನ್ನು ಕಟ್ಟಿಕೊಡುವ ಪದ್ಧತಿ ಬೆಳೆದಿದೆ. ಕೆಲವೆಡೆ ಬೆಕ್ಕನ್ನು ಮನೆಯ ಎಲ್ಲೆಯೊಳಗೇ ಇರಿಸಿಕೊಳ್ಳುವುದು ಕಾನೂನಿನ ಕಟ್ಟಳೆಯೂ ಆಗಿದೆ. ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರುವ ಈ ಸಂಗತಿಯ ಹಿಂದೆ ಎರಡು ಶತಮಾನಗಳಿಗೂ ಮಿಕ್ಕ ಇತಿಹಾಸವಿದೆ.

ನಮ್ಮ ನಾಡಿನ ಓದುಗರಿಗೆ ಈ ವಿಷಯ ಮೊದಲು ವಿಚಿತ್ರವಾಗಿ ಕಾಣಬಹುದು. ನಮ್ಮ ಹಳೆಯ ಮನೆಗಳಲ್ಲಿ ಬೆಕ್ಕಿಗೆ ಬೇಲಿ ಹಾಕಿದವರಿಲ್ಲ. ಹಾಲು ಬೆಣ್ಣೆಗಳನ್ನು ನೆಲುವಿನಲ್ಲಿ ತೂಗುಹಾಕಿ ಬೆಕ್ಕನ್ನು ಅದರ ಪಾಡಿಗೆ ಬಿಟ್ಟರು. ಎಂದರೆ, ಕಾಪಾಡಬೇಕಾದ ವಸ್ತುವನ್ನು ಎಟುಕದಂತೆ ಇಟ್ಟರೇ ಹೊರತು ಬೆಕ್ಕಿನ ಓಡಾಟವನ್ನು ತಡೆಯಲಿಲ್ಲ. ಆಸ್ಟ್ರೇಲಿಯದವರೂ ಬಹುಕಾಲ ಇದೇ ನ್ಯಾಯವನ್ನು ಅನುಸರಿಸಿದರು. ಆದರೆ ಅಲ್ಲಿ ಕಾಪಾಡಬೇಕಾಗಿದ್ದುದು ಒಂದು ಗಡಿಗೆ ಹಾಲಲ್ಲ, ಒಂದು ಖಂಡದ ಜೀವರಾಶಿ. ಅದನ್ನು ತೂಗುಹಾಕಲು ನೆಲುವು ಎಲ್ಲಿಯದು?

ಬೆಕ್ಕು ಆಸ್ಟ್ರೇಲಿಯದ ಮೂಲನಿವಾಸಿಯಲ್ಲ. ಆ ಖಂಡದ ಮೂಲಪ್ರಾಣಿಗಳಲ್ಲಿ ಮಾರ್ಜಾಲ ಕುಲಕ್ಕೆ ಸೇರಿದುದು ಒಂದೂ ಇಲ್ಲ. 1788ರ ಜನವರಿಯಲ್ಲಿ ಆರ್ಥರ್ ಫಿಲಿಪ್‌ನ ನೇತೃತ್ವದಲ್ಲಿ ಸಿಡ್ನಿಯ ಕೊಲ್ಲಿಗೆ ಬಂದ 11 ಹಡಗುಗಳ ಮೊದಲ ನೌಕಾತಂಡದೊಡನೆ ಬೆಕ್ಕುಗಳೂ ಬಂದಿಳಿದುವು. ಇದಕ್ಕೂ ಮೊದಲೇ, ಹದಿನೇಳನೆಯ ಶತಮಾನದಲ್ಲಿ ಪಶ್ಚಿಮ ತೀರದಲ್ಲಿ ಒಡೆದ ಡಚ್ ಹಡಗುಗಳಿಂದಲೋ, ಉತ್ತರ ತೀರಕ್ಕೆ ಬರುತ್ತಿದ್ದ ಮಕಾಸ್ಸರದ ಬೆಸ್ತರಿಂದಲೋ ಬೆಕ್ಕು ಅಲ್ಲಿಗೆ ಸೇರಿರಬೇಕೆಂಬ ಊಹೆ ಬಹುಕಾಲ ಪ್ರಚಾರದಲ್ಲಿತ್ತು. 2002ರಲ್ಲಿ ಇಯಾನ್ ಆಬಟ್ ಎಂಬ ವಿದ್ವಾಂಸರು ಪ್ರವಾಸಿಗರ ಮತ್ತು ಅನ್ವೇಷಕರ ಬರೆಹಗಳನ್ನು ಶೋಧಿಸಿ ಈ ಊಹೆಗೆ ಆಧಾರವಿಲ್ಲವೆಂದು ತೋರಿಸಿದರು. ಅವರ ಪ್ರಕಾರ ಬೆಕ್ಕು ತೀರದ ಹಲವು ನೆಲೆಗಳಿಂದ ಒಳನಾಡಿಗೆ ಹರಡಿ, 1890ರ ಹೊತ್ತಿಗೆ ಖಂಡವನ್ನು ಬಹುಮಟ್ಟಿಗೆ ವ್ಯಾಪಿಸಿತು. 2015ರಲ್ಲಿ ಪ್ರಕಟವಾದ ಅನುವಂಶಿಕ ಪರೀಕ್ಷೆಗಳೂ ಇವು ಯುರೋಪಿನಿಂದ ವಲಸೆ ಬಂದವರೊಡನೆ ಬಂದ ಬೆಕ್ಕುಗಳ ಸಂತತಿಯೆಂಬ ಅಭಿಪ್ರಾಯವನ್ನೇ ಪುಷ್ಟೀಕರಿಸಿದುವು. ಆದುದರಿಂದ ಈ ಪ್ರಸಾರವು ನಿಸರ್ಗದ ಕಾರ್ಯವಲ್ಲ, ವಸಾಹತಿನ ಕಾರ್ಯವೆಂದು ನಾವು ಹೇಳಬಹುದು.

ಈ ಕಾರ್ಯದಲ್ಲಿ ಮನುಷ್ಯನ ಉದ್ದೇಶವೂ ಬೆರೆತಿತ್ತೆಂಬುದನ್ನು ಮರೆಯಲಾಗದು. 1859ರಲ್ಲಿ ವಿಕ್ಟೋರಿಯ ವಸಾಹತಿನ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕಾಗಿ ಇಂಗ್ಲೆಂಡಿನಿಂದ ಮೊಲಗಳನ್ನು ತರಿಸಿ ತನ್ನ ಜಮೀನಿನಲ್ಲಿ ಬಿಟ್ಟನು. ಕೆಲವೇ ದಶಕಗಳಲ್ಲಿ ಅವು ಲೆಕ್ಕಕ್ಕೆ ಸಿಗದಷ್ಟು ಹೆಚ್ಚಿ ಹುಲ್ಲುಗಾವಲುಗಳನ್ನು ಬರಿದುಮಾಡಿದುವು. ಆಗ ಮೊಲಗಳನ್ನು ಹಿಡಿಯಲೆಂದು ಅನೇಕ ಕಡೆ ಬೆಕ್ಕುಗಳನ್ನು ಬುದ್ಧಿಪೂರ್ವಕವಾಗಿ ಕಾಡಿಗೆ ಬಿಡಲಾಯಿತು. ಪಶ್ಚಿಮ ಆಸ್ಟ್ರೇಲಿಯದಲ್ಲಿ 1901ರಿಂದ 1907ರವರೆಗೆ ಮೊಲಗಳನ್ನು ತಡೆಯುವ ಮಹಾಬೇಲಿಗಳನ್ನು ಕಟ್ಟಿದರು; ಮೊದಲನೆಯ ಬೇಲಿಯೊಂದೇ 1,833 ಕಿಲೋಮೀಟರ್ ಉದ್ದವಿತ್ತು. ಆದರೆ ಬೇಲಿ ಮುಗಿಯುವುದರೊಳಗಾಗಿ ಮೊಲಗಳು ಅದನ್ನು ದಾಟಿ ಆಚೆಗೆ ಹೋಗಿಬಿಟ್ಟಿದ್ದುವು. ಇತ್ತ ಕಾವಲಿಗೆಂದು ಬಿಟ್ಟ ಬೆಕ್ಕು ಮೊಲವನ್ನಷ್ಟೇ ತಿಂದು ತೃಪ್ತಿಪಡಲಿಲ್ಲ; ಹಗುರ ಮೈಯ ಸ್ಥಳೀಯ ಪ್ರಾಣಿಗಳು ಅದಕ್ಕೆ ಇನ್ನೂ ಸುಲಭದ ಆಹಾರವಾದುವು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಪರಿಣಾಮವು ಭೀಕರವಾಗಿತ್ತು. 1788ರಿಂದ ಈಚೆಗೆ ಆಸ್ಟ್ರೇಲಿಯದಲ್ಲಿ ಸುಮಾರು 30 ಜಾತಿಯ ಸ್ತನಿಗಳು ನಿರ್ನಾಮವಾಗಿವೆ. ಅವುಗಳಲ್ಲಿ 20ಕ್ಕೂ ಹೆಚ್ಚಿನ ಜಾತಿಗಳ ನಾಶದಲ್ಲಿ ಬೆಕ್ಕಿನ ಪಾಲು ಇದೆಯೆಂದು ತಜ್ಞರು ನಿರ್ಣಯಿಸಿದ್ದಾರೆ. ನರಿಯೂ ನೆಲದ ಬಳಕೆಯ ಬದಲಾವಣೆಯೂ ಇದರಲ್ಲಿ ಭಾಗಿಗಳೇ. ಎಲ್ಲ ಅಪರಾಧವನ್ನೂ ಬೆಕ್ಕಿನ ತಲೆಗೆ ಕಟ್ಟುವುದು ಇತಿಹಾಸಕ್ಕೆ ನ್ಯಾಯವಾಗದು. ಕಾಡುಪಾಲಾದ ಬೆಕ್ಕುಗಳ ಸಂಖ್ಯೆ ಮಳೆಯನ್ನು ಅನುಸರಿಸಿ 21 ಲಕ್ಷದಿಂದ 63 ಲಕ್ಷದವರೆಗೆ ಏರಿಳಿಯುತ್ತದೆಂದು 2017ರಲ್ಲಿ ಅಂದಾಜು ಮಾಡಲಾಯಿತು. ಆ ದೇಶದ ಬೆಕ್ಕುಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 37 ಕೋಟಿ 70 ಲಕ್ಷ ಪಕ್ಷಿಗಳನ್ನು ಕೊಲ್ಲುತ್ತವೆಂದೂ, ಅದರಲ್ಲಿ ಸುಮಾರು 6 ಕೋಟಿ 10 ಲಕ್ಷ ಮನೆಯಲ್ಲಿ ಸಾಕಿದ ಬೆಕ್ಕುಗಳ ಪಾಲೆಂದೂ ಅದೇ ವರ್ಷದ ಮತ್ತೊಂದು ಲೆಕ್ಕಾಚಾರವು ತಿಳಿಸಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮವರು ಆಡುವ ಮಾತು ಅಲ್ಲಿ ಇಲಿಯನ್ನು ಮೀರಿ ಬಹುದೂರ ಸಾಗಿದೆ.

ಹಾಗಾದರೆ ಬೆಕ್ಕನ್ನು ನಿರ್ಮೂಲ ಮಾಡಿದರೆ ಸಾಕೆ? ಮಕ್ವಾರಿ ದ್ವೀಪದ ಅನುಭವವು ಇದಕ್ಕೆ ಎಚ್ಚರಿಕೆಯ ಉತ್ತರವನ್ನು ಕೊಡುತ್ತದೆ. ದಕ್ಷಿಣ ಸಾಗರದ ಈ ದ್ವೀಪಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಸೀಲ್ ಬೇಟೆಗಾರರು ಬೆಕ್ಕುಗಳನ್ನೂ ಮೊಲಗಳನ್ನೂ ತಂದುಬಿಟ್ಟರು. ಅಲ್ಲಿಗೇ ವಿಶಿಷ್ಟವಾಗಿದ್ದ ಗಿಳಿಯೊಂದು ಆ ಶತಮಾನದ ಕೊನೆಯ ದಶಕದ ಹೊತ್ತಿಗೆ ಅಳಿದುಹೋಯಿತು. 2000ದ ವೇಳೆಗೆ ಬೆಕ್ಕುಗಳನ್ನು ಪೂರ್ಣವಾಗಿ ತೆಗೆಯಲಾಯಿತು. ಆದರೆ ತರುವಾಯ ಮೊಲಗಳು ವಿಪರೀತವಾಗಿ ಹೆಚ್ಚಿ ದ್ವೀಪದ ಸಸ್ಯಸಂಪತ್ತನ್ನು ಹಾಳುಗೆಡವಿದುವು. ಮೊಲ, ಇಲಿ, ಸುಂಡಿಲಿಗಳನ್ನೂ ಹೋಗಲಾಡಿಸಿ ಕಾರ್ಯವು ಸಫಲವಾಯಿತೆಂದು ಘೋಷಿಸುವಾಗ 2014 ಬಂದಿತ್ತು. ಒಂದು ತಪ್ಪನ್ನು ತಿದ್ದುವುದೆಂದರೆ ಅದರ ಸುತ್ತ ಹೆಣೆದುಕೊಂಡ ಇತರ ತಪ್ಪುಗಳನ್ನೂ ಒಟ್ಟಿಗೆ ತಿದ್ದುವುದು ಎಂಬ ಪಾಠವನ್ನು ಈ ದ್ವೀಪ ಕಲಿಸಿತು. ದ್ವೀಪದಲ್ಲಿ ಸಾಧ್ಯವಾದ ನಿರ್ಮೂಲನವು ಇಡೀ ಖಂಡದಲ್ಲಿ ಸಾಧ್ಯವಾಗುವಂತಿರಲಿಲ್ಲ. ಆದುದರಿಂದ ಖಂಡದೊಳಗೆ ಮತ್ತೆ ಬೇಲಿಯ ಮಾತು ಬಂದಿತು.

ಈ ಹೊಸ ಬೇಲಿಗಳ ಚರಿತ್ರೆಯಲ್ಲಿ ಎರಡು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದು, ಸ್ಥಳೀಯ ಪ್ರಾಣಿಗಳನ್ನು ಒಳಗಿಟ್ಟು ಬೆಕ್ಕನ್ನು ಹೊರಗಿಟ್ಟ ಘಟ್ಟ. ಜಾನ್ ವಾಮ್ಸ್ಲಿ ಎಂಬ ಗಣಿತಜ್ಞರು 1969ರಲ್ಲಿ ಅಡಿಲೇಡ್ ನಗರದ ಸಮೀಪದ ಬೆಟ್ಟಗಳಲ್ಲಿ ವಾರವಾಂಗ್ ಎಂಬಲ್ಲಿ ನೆಲವನ್ನು ಕೊಂಡು, ಮುಂದೆ ಅದರ ಸುತ್ತ ಬೆಕ್ಕು ನರಿಗಳು ದಾಟಲಾರದ ಬೇಲಿಯನ್ನು ಕಟ್ಟಿ ಅಭಯಧಾಮವನ್ನಾಗಿ ಮಾಡಿದರು. ಬೆಕ್ಕಿನ ಚರ್ಮದಿಂದ ಮಾಡಿದ ಟೋಪಿಯನ್ನು ಧರಿಸಿ ಸಭೆಗೆ ಬಂದು ಇವರು ದೇಶದಲ್ಲೆಲ್ಲ ವಿವಾದವನ್ನೆಬ್ಬಿಸಿದುದೂ ಉಂಟು. 1997ರಲ್ಲಿ ದಕ್ಷಿಣ ಆಸ್ಟ್ರೇಲಿಯದ ರಾಕ್ಸ್‌ಬಿ ಡೌನ್ಸ್ ಎಂಬ ಗಣಿಯೂರಿನ ಬಳಿ ‘ಆರಿಡ್ ರಿಕವರಿ’ ಎಂಬ ಯೋಜನೆ ಆರಂಭವಾಯಿತು. ಅಲ್ಲಿ 1.8 ಮೀಟರ್ ಎತ್ತರದ ತಂತಿಬಲೆಯ ತುದಿಯನ್ನು ಬಿಗಿಯದೆ ಹೊರಮುಖವಾಗಿ ಬಾಗಿಸಿ ಬಿಟ್ಟರು. ಏರಿಬಂದ ಬೆಕ್ಕಿನ ಭಾರಕ್ಕೆ ಆ ತುದಿ ಜೋಲುವುದರಿಂದ ಅದಕ್ಕೆ ಹಿಡಿತ ಸಿಗದೆ ಬಂದ ಕಡೆಗೇ ಬೀಳುತ್ತದೆ. ಬುಡದಲ್ಲಿ ನೆಲದ ಮೇಲೆ ಹರಡಿದ ಬಲೆಯು ಬಿಲ ತೋಡುವುದನ್ನು ತಡೆಯುತ್ತದೆ. ಹೊರಗೆ ಅಳಿದುಹೋಗಿದ್ದ ಬಿಲ್ಬಿ ಮೊದಲಾದ ಪ್ರಾಣಿಗಳು ಈ ಆವರಣದೊಳಗೆ ಮತ್ತೆ ಬೆಳೆದುವು.

ಎರಡನೆಯದು, ಬೆಕ್ಕನ್ನೇ ಒಳಗಿಟ್ಟ ಘಟ್ಟ. 1991ರಲ್ಲಿ ಮೆಲ್ಬೋರ್ನ್ ನಗರದ ಪೂರ್ವದ ಬೆಟ್ಟಸೀಮೆಯ ಷೆರ್‌ಬ್ರೂಕ್ ಸ್ಥಳೀಯ ಸಂಸ್ಥೆಯು ಅಲ್ಲಿಯ ಕಾಡಿನ ಲೈರ್ ಪಕ್ಷಿಗಳ ರಕ್ಷಣೆಗಾಗಿ ಸಾಕುಬೆಕ್ಕುಗಳು ರಾತ್ರಿ ಹೊರಗೆ ತಿರುಗಬಾರದೆಂದು ವಿಧಿಸಿತು. 2005ರಲ್ಲಿ ರಾಜಧಾನಿ ಕ್ಯಾನ್‌ಬೆರದ ಫೋರ್ಡ್ ಮತ್ತು ಬಾನರ್ ಎಂಬ ಹೊಸ ಬಡಾವಣೆಗಳನ್ನು ಬೆಕ್ಕುಗಳು ಸದಾಕಾಲ ಮನೆಯ ಎಲ್ಲೆಯೊಳಗೇ ಇರಬೇಕಾದ ಪ್ರದೇಶಗಳೆಂದು ಘೋಷಿಸಲಾಯಿತು. ಈ ಬಡಾವಣೆಗಳ ಮಗ್ಗುಲಲ್ಲೇ ಮಲ್ಲಿಗನ್ಸ್ ಫ್ಲಾಟ್ ಎಂಬ ರಕ್ಷಿತ ಕಾಡು ಇದೆ. 2009ರಲ್ಲಿ ಅದರ ಸುತ್ತ 11.5 ಕಿಲೋಮೀಟರ್ ಬೇಲಿ ಪೂರ್ಣವಾಯಿತು. ಮುಖ್ಯ ಭೂಭಾಗದಲ್ಲಿ 1960ರ ದಶಕದಲ್ಲೇ ಕಣ್ಮರೆಯಾಗಿದ್ದ ಪೂರ್ವದ ಕ್ವಾಲ್ ಎಂಬ ಪ್ರಾಣಿಯನ್ನು 2016ರಲ್ಲಿ ಅಲ್ಲಿಗೆ ಮರಳಿ ತರಲಾಯಿತು. ಹೀಗೆ ಒಂದೇ ಊರಿನಲ್ಲಿ ಎರಡು ಬೇಲಿಗಳು ಎದುರುಬದುರಾದುವು. ಒಂದು ಬೆಕ್ಕು ಒಳಬಾರದಂತೆ ಹೊರಕ್ಕೆ ಬಾಗಿದ ಬೇಲಿ. ಇನ್ನೊಂದು ಬೆಕ್ಕು ಹೊರಹೋಗದಂತೆ ಒಳಕ್ಕೆ ಬಾಗಿದ ಬೇಲಿ. ಕೌಶಲ ಒಂದೇ, ಮುಖಮಾತ್ರ ಬೇರೆ.

ಬೆಕ್ಕಿನ ಅಂಗಳದ ಕಲ್ಪನೆಯೇನೋ ಆಸ್ಟ್ರೇಲಿಯದಲ್ಲಿ ಹುಟ್ಟಿದುದಲ್ಲ. 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಹ್ಯಾರಿಸನ್ ವೇರ್ ಎಂಬಾತನು ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದ ತರುವಾಯ ಇಂಗ್ಲೆಂಡಿನಲ್ಲಿ ತಳಿಬೆಕ್ಕುಗಳನ್ನು ಸಾಕುವ ಹವ್ಯಾಸ ಬೆಳೆಯಿತು. ಬೆಲೆಬಾಳುವ ಬೆಕ್ಕು ಕಳೆದುಹೋಗದಿರಲೆಂದೂ ಕಂಡಕಂಡ ಬೆಕ್ಕಿನೊಡನೆ ಕೂಡದಿರಲೆಂದೂ ತಂತಿಬಲೆಯ ಗೂಡಂಗಳಗಳನ್ನು ಕಟ್ಟಿದರು. ಅಲ್ಲಿ ಕಾಪಾಡಿದುದು ತಳಿಯ ಶುದ್ಧಿಯನ್ನು ಮತ್ತು ಒಡೆಯನ ಹಣವನ್ನು. 1947ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದ ಎಡ್ವರ್ಡ್ ಲೋ ಎಂಬ ವ್ಯಾಪಾರಿಯು ಹೀರುವ ಜೇಡಿಮಣ್ಣಿನ ಹರಳುಗಳನ್ನು ಬೆಕ್ಕಿನ ಮಲಮೂತ್ರದ ತಟ್ಟೆಗೆಂದು ಮಾರತೊಡಗಿದ ಮೇಲೆ ಸಾಮಾನ್ಯ ಕುಟುಂಬಗಳಿಗೂ ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳುವುದು ಸುಲಭವಾಯಿತು. ಹವ್ಯಾಸಿಯ ಗೂಡಂಗಳವೂ ಈ ಮಣ್ಣಿನ ತಟ್ಟೆಯೂ ಒದಗಿಸಿದ್ದ ಅನುಕೂಲವನ್ನು ಆಸ್ಟ್ರೇಲಿಯದವರು ಬೇರೊಂದು ಧ್ಯೇಯಕ್ಕೆ ಬಳಸಿಕೊಂಡರು.

ಅಲ್ಲಿಯ ಅಂಗಳದ ರಚನೆ ಸರಳವಾದುದು. ಮನೆಯ ಗೋಡೆಗೆ ತಾಗಿದಂತೆ ಮರದ ಅಥವಾ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿ, ಮೇಲ್ಭಾಗವೂ ಸೇರಿದಂತೆ ಎಲ್ಲ ಕಡೆ ಬಲೆ ಹೊದಿಸುತ್ತಾರೆ. ಬೆಕ್ಕು ತಾನಾಗಿಯೇ ಬಂದು ಹೋಗಲು ಕಿಟಕಿಯಿಂದ ಒಂದು ಬಲೆಯ ಸುರಂಗವಿರುತ್ತದೆ. ಎತ್ತರದ ಹಲಗೆಗಳು, ಉಗುರು ಮಸೆಯುವ ಕೊರಡು, ನೆರಳು, ನೀರು ಇವು ಅವಶ್ಯವೆಂದು ಭಾವಿಸುತ್ತಾರೆ. ಮನುಷ್ಯರು ಹೋಗುವ ಕಡೆ ಒಂದರ ಹಿಂದೊಂದು ಎರಡು ಬಾಗಿಲುಗಳಿದ್ದರೆ ಬೆಕ್ಕು ನುಸುಳಿಹೋಗುವ ಭಯವಿಲ್ಲ. ಇಡೀ ಹಿತ್ತಲನ್ನೇ ಬೆಕ್ಕಿಗೆ ಬಿಡಬಯಸುವವರು ಇರುವ ಬೇಲಿಯ ತುದಿಗೆ ಒಳಕ್ಕೆ ಬಾಗಿದ ಬಲೆಯನ್ನೋ ಕಾಲಿಟ್ಟರೆ ಉರುಳುವ ದಿಂಡುಗಳನ್ನೋ ಜೋಡಿಸಿ, ಬೇಲಿಯ ಸಮೀಪದ ಮರದ ಕೊಂಬೆಗಳನ್ನು ಸವರುತ್ತಾರೆ.

ಈ ಕ್ರಮಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಸ್ವಚ್ಛಂದ ಸ್ವಭಾವದ ಪ್ರಾಣಿಯನ್ನು ಸೆರೆಯಲ್ಲಿಡುವುದು ಕ್ರೌರ್ಯವೆಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ, ಇಕ್ಕಟ್ಟಾದ ಬರಿಯ ಪಂಜರವು ಬೆಕ್ಕಿಗೆ ಹಿಂಸೆಯೇ ಸರಿ. ಆದರೆ ಬೀದಿಯ ಸ್ವಾತಂತ್ರ್ಯದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾಹನ, ನಾಯಿ, ಹಾವು, ಇತರ ಬೆಕ್ಕುಗಳೊಡನೆ ಕಾದಾಟ ಇವೆಲ್ಲ ಅಲೆಯುವ ಬೆಕ್ಕಿನ ಆಯುಸ್ಸನ್ನು ಕುಗ್ಗಿಸುತ್ತವೆ. ಬೆಕ್ಕಿನ ರೋಗನಿರೋಧಶಕ್ತಿಯನ್ನು ಕುಂದಿಸುವ, 1986ರಲ್ಲಿ ಪತ್ತೆಯಾದ ವೈರಸ್ಸು ಮುಖ್ಯವಾಗಿ ಕಚ್ಚಿದ ಗಾಯದಿಂದಲೇ ಹರಡುತ್ತದೆ. ಕಾಡುಪಾಲಾದ ಬೆಕ್ಕುಗಳೇ ಹೆಚ್ಚು ಕೊಲ್ಲುವಾಗ ಸಾಕುಬೆಕ್ಕಿಗೆ ಏಕೆ ಶಿಕ್ಷೆ ಎಂಬುದು ಎರಡನೆಯ ಆಕ್ಷೇಪಣೆ. 2020ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಉತ್ತರವೀಯುತ್ತದೆ: ಒಂದೊಂದು ಸಾಕುಬೆಕ್ಕು ಕಾಡಿನ ಬೆಕ್ಕಿನ ಕಾಲುಭಾಗದಷ್ಟೇ ಕೊಂದರೂ, ಊರುಗಳಲ್ಲಿ ಅವು ದಟ್ಟವಾಗಿರುವುದರಿಂದ ಚದರ ಕಿಲೋಮೀಟರಿನ ಲೆಕ್ಕದಲ್ಲಿ ಅವುಗಳ ಬೇಟೆ ಕಾಡಿನಲ್ಲಿರುವುದರ 28ರಿಂದ 52 ಪಟ್ಟು ಆಗುತ್ತದೆ. ಮೂರನೆಯದು ವೆಚ್ಚದ ಪ್ರಶ್ನೆ. ಬಾಡಿಗೆಯ ಮನೆಯವರೂ ಬಡವರೂ ಇಂಥ ಅಂಗಳವನ್ನು ಎಲ್ಲಿ ಕಟ್ಟಬೇಕು? ನಮ್ಮ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ. ಕಟ್ಟಳೆಯೊಂದರಿಂದ ಇದು ಪರಿಹಾರವಾಗುವಂತಹುದಲ್ಲ.

ಕಾನೂನು ಎಲ್ಲೆಡೆ ಒಂದೇ ವೇಗದಲ್ಲಿ ಸಾಗಲಿಲ್ಲ. ನ್ಯೂ ಸೌತ್ ವೇಲ್ಸಿನ 1998ರ ಸಾಕುಪ್ರಾಣಿ ಕಾನೂನು ಬೆಕ್ಕುಗಳನ್ನು ಮನೆಯೊಳಗಿಡುವಂತೆ ಸಾರಾಸಗಟಾಗಿ ಕಡ್ಡಾಯಪಡಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲಿಲ್ಲ. ಕ್ಯಾನ್‌ಬೆರದ ಆಡಳಿತವಾದರೋ 2022ರ ಜುಲೈ 1ರಂದು ಮತ್ತು ಆಮೇಲೆ ಹುಟ್ಟಿದ ಎಲ್ಲ ಬೆಕ್ಕುಗಳೂ ಎಲ್ಲೆಯೊಳಗಿರಬೇಕೆಂದು ವಿಧಿಸಿತು. ಮೊದಲೇ ಘೋಷಿತವಾದ ಬಡಾವಣೆಗಳ ಹೊರಗೆ ಅಲೆದಾಟಕ್ಕೆ ಒಗ್ಗಿಹೋಗಿದ್ದ ಹಳೆಯ ಬೆಕ್ಕುಗಳಿಗೆ ಇದನ್ನು ಅನ್ವಯಿಸಲಿಲ್ಲ. ಹಳೆಯ ಅಭ್ಯಾಸವನ್ನು ಬಲಾತ್ಕಾರದಿಂದ ಮುರಿಯದೆ ಹೊಸ ಪೀಳಿಗೆಯಿಂದ ಆರಂಭಿಸಿದ ಈ ಕ್ರಮದಲ್ಲಿ ವಿವೇಕವಿದೆಯೆಂದು ನಾವು ಭಾವಿಸುತ್ತೇವೆ.

ಮೇಲಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೆಕ್ಕನ್ನು ಹಡಗಿನಲ್ಲಿ ತಂದವನು ಮನುಷ್ಯ. ಮೊಲದ ಮೇಲೆ ಛೂ ಬಿಟ್ಟವನೂ ಅವನೇ. ಕೊನೆಗೆ ಅದನ್ನು ಅಪರಾಧಿಯೆಂದು ಕರೆದವನೂ ಅವನೇ. ಮೊಲದ ಬೇಲಿ ಕಟ್ಟಿದ ತಲೆಮಾರು ತಪ್ಪು ಹೊರಗಿನದೆಂದು ನಂಬಿ ಸಾವಿರಾರು ಕಿಲೋಮೀಟರ್ ದೂರ ತಂತಿ ಎಳೆಯಿತು. ಹಿತ್ತಲಲ್ಲಿ ಬಲೆ ಕಟ್ಟುವ ಇಂದಿನ ಗೃಹಸ್ಥನು ನಾಲ್ಕು ಮಾರು ಜಾಗದಲ್ಲಿ, ತನ್ನ ಬೆಕ್ಕಿನ ಹೊಣೆ ತನ್ನದೆಂದು ಒಪ್ಪಿಕೊಳ್ಳುತ್ತಿದ್ದಾನೆ. ಆ ಬಲೆಯ ಒಳಗೆ ಬೆಕ್ಕು ಬಿಸಿಲು ಕಾಯುತ್ತದೆ, ಹೊರಗೆ ಹಕ್ಕಿ ನೆಲಕ್ಕಿಳಿದು ಕಾಳು ಹೆಕ್ಕುತ್ತದೆ. ಅಳಿದುಹೋದ ಜಾತಿಗಳು ಇದರಿಂದ ಮರಳಿ ಬರಲಾರವು. ಉಳಿದಿರುವುವನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಮಾತ್ರ ದೊಡ್ಡ ಬೇಲಿಗಿಂತ ಈ ಚಿಕ್ಕ ಬೇಲಿಯ ಪಾಲು ಕಡಮೆಯದೆಂದು ನಾವು ತಿಳಿಯಲಾರೆವು.