‘ಯಮುನಾಪರ್ಯಟನ’ದಲ್ಲಿ ಧರ್ಮವೂ ದಾಂಪತ್ಯವೂ

ಸ್ತ್ರೀಯೊಬ್ಬಳು ಕ್ರೈಸ್ತಧರ್ಮದಲ್ಲಿ ಶ್ರದ್ಧೆಯನ್ನೂ ದಾಂಪತ್ಯದಲ್ಲಿ ಪ್ರೇಮವನ್ನೂ ಪಡೆಯುವ ವೃತ್ತಾಂತವು ಭಾರತೀಯ ಗದ್ಯದಲ್ಲಿ ಮೊದಮೊದಲು ಕಾಣಿಸಿಕೊಂಡ ಗ್ರಂಥಗಳಲ್ಲಿ ಮರಾಠಿಯ ‘ಯಮುನಾಪರ್ಯಟನ’ವೂ ಒಂದು. ಇದರ ಕರ್ತೃಗಳಾದ ಬಾಬಾ ಪದ್ಮನಜಿಯವರು 1831ರಲ್ಲಿ ಬೆಳಗಾವಿಯಲ್ಲಿ ಜನಿಸಿ, 1854ರಲ್ಲಿ ಅಲ್ಲಿಯೇ ಕ್ರೈಸ್ತದೀಕ್ಷೆಯನ್ನು ಹೊಂದಿದರು. ಗ್ರಂಥವು ಪ್ರಕಟವಾದುದು 1857ರಲ್ಲಿ. ಹಿಂದೂ ವಿಧವೆಯರ ಪುನರ್ವಿವಾಹಕ್ಕೆ ಮಾನ್ಯತೆಯಿತ್ತ ಶಾಸನವು ಹುಟ್ಟಿದುದು ಅದರ ಹಿಂದಿನ ವರ್ಷದಲ್ಲಿ.

ಯಮುನೆಯು ಪತಿಯಾದ ವಿನಾಯಕನೊಡನೆ ಸಂಚರಿಸುತ್ತ, ಅಲ್ಲಲ್ಲಿನ ವಿಧವೆಯರ ದುಃಖವನ್ನು ಕಂಡು ಕೇಳುತ್ತಾಳೆ. ಬಳಿಕ ಪತಿಯ ಮರಣದಿಂದ ಆ ದುಃಖವು ಆಕೆಯದೇ ಆಗುತ್ತದೆ. ಕೊನೆಗೆ ಆಕೆ ಕ್ರೈಸ್ತಳಾಗಿ ಪುನರ್ವಿವಾಹವನ್ನು ಹೊಂದುತ್ತಾಳೆ.

ಮತಪ್ರಚಾರವು ಈ ಗ್ರಂಥದ ಉದ್ದೇಶವೆಂಬುದು ಸ್ಪಷ್ಟವೇ. ಆದರೆ ಇದರ ಸತ್ತ್ವವು ಅಷ್ಟರಲ್ಲಿಯೇ ಮುಗಿಯದು. ಶಾಸನವು ವಿವಾಹಕ್ಕೆ ಅನುಮತಿಯನ್ನು ಕೊಟ್ಟಿತೇ ಹೊರತು, ವಿಧವೆಗೆ ಆಶ್ರಯವನ್ನಾಗಲಿ ಬಂಧುಗಳ ಸಮ್ಮತಿಯನ್ನಾಗಲಿ ಕೊಡಲಾರದಾಯಿತು. ಆ ಕೊರತೆಯನ್ನು ಗ್ರಂಥಕರ್ತರು ಮತಾಂತರದಿಂದ ತುಂಬಿದರು. ಈ ಪರಿಹಾರವನ್ನು ಒಪ್ಪದವರೂ ಪ್ರಶ್ನೆಯನ್ನು ತಳ್ಳಿಹಾಕಲಾರರು. ಯಮುನೆಯು ಪರದುಃಖವನ್ನು ಕೇಳುವವಳಾಗಿ ಹೊರಟು, ಅದನ್ನೇ ಅನುಭವಿಸುವವಳಾಗಿ ನಿಲ್ಲುತ್ತಾಳೆ. ಪರ್ಯಟನವೆಂಬ ಹೆಸರು ಸಾರ್ಥಕವಾಗುವುದು ಇಲ್ಲಿಯೇ.