ಅಜ್ಜಿ ಹೇಳಿದ ಚತುಸ್ಸೀಮೆ

ದಾನಶಾಸನ ಓದುವಾಗ ನಾವು ಬಹಳ ಜನ ಒಂದು ತಪ್ಪು ಮಾಡುತ್ತೇವೆ. ರಾಜನ ಬಿರುದು, ಶಕವರ್ಷ, ಸಂವತ್ಸರ, ದಾನಿಯ ವಂಶ ಇವನ್ನೆಲ್ಲ ಕಣ್ಣಿಟ್ಟು ಓದುತ್ತೇವೆ. ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವ ಸಾಲುಗಳು ಬಂದ ಕೂಡಲೇ ದಾಟಿ ಮುಂದಕ್ಕೆ ಹೋಗಿಬಿಡುತ್ತೇವೆ. ಮೂಡಲು ಒಂದು ಮರ, ತೆಂಕಲು ಒಂದು ಹಳ್ಳ, ಪಡುವಲು ನೆಟ್ಟ ಕಲ್ಲು, ಬಡಗಲು ಕೆರೆಯ ಏರಿ. ಇದರಲ್ಲಿ ಇತಿಹಾಸ ಏನಿದೆ ಅಂತ ನಾನೂ ಅಂದುಕೊಂಡಿದ್ದೆ. ಆ ಅಭಿಪ್ರಾಯ ಬದಲಾಯಿಸಿದವಳು ನನ್ನ ಅಜ್ಜಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ.

ಅಜ್ಜಿ ಶರಾವತಿ ಕಣಿವೆಯವಳು, ಸಾಗರ ತಾಲ್ಲೂಕು. ಅವಳ ತವರು ಹಿರೇಭಾಸ್ಕರ ಅಣೆಕಟ್ಟಿನ ನೀರಿಗೆ ಹೋಯಿತು. ಮಡೇನೂರಿನ ಹತ್ತಿರ ಕಟ್ಟಿದ ಆ ಅಣೆಕಟ್ಟಿನ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಮದುವೆಯಾಗಿ ಹೋದ ಮನೆ 1964ರ ಲಿಂಗನಮಕ್ಕಿ ಜಲಾಶಯಕ್ಕೆ ಹೋಯಿತು. ಲಿಂಗನಮಕ್ಕಿಯ ನೀರು ಹಳೆಯ ಹಿರೇಭಾಸ್ಕರ ಅಣೆಕಟ್ಟನ್ನೇ ಮುಳುಗಿಸಿತು. ಈಗಲೂ ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದು ಮೇಲೆದ್ದು ಕಾಣುತ್ತದೆ, ನೋಡಲು ಜನ ಹೋಗುತ್ತಾರೆ. ಅಜ್ಜಿಯ ಮನೆ ನೋಡಲು ಯಾರೂ ಹೋಗುವುದಿಲ್ಲ. ಅದು ಇದ್ದದ್ದು ನಾಲ್ಕೈದು ಮನೆಯ ಒಂದು ಮಜರೆಯಲ್ಲಿ.

ನಾನು ಶಾಸನದ ಹುಚ್ಚು ಹಿಡಿಸಿಕೊಂಡ ಮೇಲೆ ಒಂದು ದಿನ ಅಜ್ಜಿಯನ್ನು ಕೂರಿಸಿಕೊಂಡು, ನಿಮ್ಮ ಹಳೇ ಮನೆ ಎಲ್ಲಿತ್ತು ಹೇಳು ಅಂದೆ. ಅವಳು ಹೇಳಿದ್ದು ಹೀಗೆ: "ಮನೆಗೆ ಮೂಡು ಬದಿ ಬಸರಿ ಮರ, ಅದರ ಬುಡದಲ್ಲಿ ಚೌಡಿ. ತೆಂಕು ಬದಿ ಹಳ್ಳ. ಪಡು ಬದಿ ಒಡೇರ ತೋಟದ ಅಗಳ. ಬಡಗು ಬದಿ ಸೊಪ್ಪಿನ ಬೆಟ್ಟ, ಬೆಟ್ಟದ ಬುಡಕ್ಕೆ ಬರೆದ ಕಲ್ಲು."

ನಾನು ಬರೆದುಕೊಳ್ಳುತ್ತಿದ್ದವನು ನಿಲ್ಲಿಸಿದೆ. ಅವಳು ಪೂರ್ವ, ಪಶ್ಚಿಮ ಅನ್ನಲಿಲ್ಲ. ಶಾಸನದ ದಿಕ್ಕುಗಳನ್ನೇ, ಶಾಸನದ ಕ್ರಮದಲ್ಲೇ ಹೇಳಿದ್ದಳು. ಮೂಡಿನಿಂದ ಹೊರಟು ಬಲಕ್ಕೆ ಸುತ್ತಿ ಬಡಗಿಗೆ ಬಂದು ನಿಂತಿದ್ದಳು.

ಬರೆದ ಕಲ್ಲು ಹೇಗಿತ್ತು ಅಂದರೆ, "ತಲೆ ಮೇಲೆ ಸೂರ್ಯ ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಆಕಳು ಕರು. ಕೆಳಗೆ ಇರುವೆ ಸಾಲು ಹೋದ ಹಾಗೆ ಅಕ್ಷರ" ಅಂದಳು. ಕತ್ತಿ ಹಿಡಿದ ವೀರನಿಲ್ಲ, ಆದ್ದರಿಂದ ವೀರಗಲ್ಲಲ್ಲ. ಬಳೆ ತೊಟ್ಟು ಮೇಲೆತ್ತಿದ ಕೈ ಇಲ್ಲ, ಆದ್ದರಿಂದ ಮಾಸ್ತಿಕಲ್ಲಲ್ಲ. ಅದು ದಾನಶಾಸನವೇ ಇರಬೇಕು. ಹಬ್ಬದ ದಿನ ಹೆಂಗಸರು ಅದಕ್ಕೆ ಎಣ್ಣೆ ಹಚ್ಚುತ್ತಿದ್ದರಂತೆ. ಅದರಲ್ಲಿ ಏನು ಬರೆದಿದೆ ಅಂತ ಯಾರೂ ಓದಿ ಹೇಳಿರಲಿಲ್ಲ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ತೆಗೆದೆ. ಶಿವಮೊಗ್ಗ ಜಿಲ್ಲೆಯ ಎರಡನೇ ಭಾಗ, 1904ರಲ್ಲಿ ಅಚ್ಚಾದದ್ದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಸಾಗರದ ಪುಟಗಳನ್ನೆಲ್ಲ ತಿರುವಿದರೂ ನಮ್ಮ ಮಜರೆಯ ಹೆಸರು ಸಿಗಲಿಲ್ಲ. ಹುಡುಕುತ್ತಾ ಹೋದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಈ ಸಂಪುಟಗಳಲ್ಲಿ ಪ್ರತಿ ಶಾಸನಕ್ಕೂ ಮೊದಲು ಒಂದು ಸಣ್ಣ ತಲೆಬರಹ ಇರುತ್ತದೆ: ಇಂಥ ಊರಿನ ಇಂಥ ದೇವಸ್ಥಾನದ ಎದುರು ನೆಟ್ಟ ಕಲ್ಲು, ಇಂಥ ಗದ್ದೆಯಲ್ಲಿರುವ ಕಲ್ಲು. ಊರು ಮುಳುಗಿದ ಮೇಲೆ ಆ ಒಂದು ಸಾಲೇ ಊರಿನ ದಾಖಲೆ.

ದೊಡ್ಡ ಗುಡಿಗಳಿಗೆ ಬೇರೆ ಜಾಗ ಸಿಗುತ್ತದೆ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದರು. ಶ್ರೀಶೈಲಂ ಜಲಾಶಯ ಬಂದಾಗ ಚಾಲುಕ್ಯರ ಕಾಲದ ಕೂಡಲಿ ಸಂಗಮೇಶ್ವರ ಗುಡಿಯನ್ನು ಆಲಂಪುರಕ್ಕೆ ಸಾಗಿಸಿದರು. ಒಳ್ಳೆಯ ಕೆಲಸ. ಆದರೆ ಎಲ್ಲೆಯನ್ನು ಸಾಗಿಸಲು ಬರುವುದಿಲ್ಲ. ಕಲ್ಲನ್ನು ಮ್ಯೂಸಿಯಂಗೆ ತಂದು ನಿಲ್ಲಿಸಿದರೂ ಅದು ಹೇಳುವ ಮರ, ಹಳ್ಳ, ಕೆರೆಯ ಏರಿ ನೀರಿನ ಅಡಿಯಲ್ಲೇ ಉಳಿಯುತ್ತವೆ.

ನೀರು ಬಹಳ ಇಳಿದಿದ್ದ ಒಂದು ಮೇ ತಿಂಗಳಲ್ಲಿ ಚಿಕ್ಕಪ್ಪನ ಜೊತೆ ಅಲ್ಲಿಗೆ ಹೋದೆ. ಊರು ಬಿಟ್ಟಾಗ ಚಿಕ್ಕಪ್ಪನಿಗೆ ಹತ್ತು ವರ್ಷ. ಒಡೆದ ಕೆಸರು, ಕಪ್ಪಾಗಿ ನಿಂತ ಮರದ ಬೊಡ್ಡೆಗಳು. ಒಂದು ಕಡೆ ಕೆಂಪುಕಲ್ಲಿನ ತಳಪಾಯ ಸಿಕ್ಕಿತು. ಚಿಕ್ಕಪ್ಪ ಹಳ್ಳದ ಗುರುತು ಹಿಡಿದು ನಡೆದು, ಗುಡ್ಡದ ಬುಡಕ್ಕೆ ಬಂದು, "ಇಲ್ಲೇ ಇತ್ತು ಮಾರಾಯ" ಅಂದರು. ಅಲ್ಲಿ ಹೂಳು ಮಾತ್ರ ಇತ್ತು. ಕೋಲಿನಿಂದ ಅಲ್ಲಿ ಇಲ್ಲಿ ಚುಚ್ಚಿ ನೋಡಿದೆವು, ಕಲ್ಲು ಸಿಗಲಿಲ್ಲ.

ವಾಪಸು ಬರುವಾಗ ಚಿಕ್ಕಪ್ಪ ಕೇಳಿದರು: "ಆ ಕಲ್ಲು ಸಿಕ್ಕಿದ್ದರೆ ನಮ್ಮ ಜಾಗ ಅಂತ ಆಗ್ತಿತ್ತೇನೋ?" ಇಲ್ಲ ಅನ್ನಬೇಕಾಯಿತು. ದಾನಶಾಸನದಲ್ಲಿ ಕೊಟ್ಟವನ ಹೆಸರಿರುತ್ತದೆ, ಪಡೆದವನ ಹೆಸರಿರುತ್ತದೆ. ಉತ್ತವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮದು ಗೇಣಿ ಗದ್ದೆ. ಇದೇ ಸಾಗರ ಸೀಮೆಯಲ್ಲಿ 1951ರಲ್ಲಿ ಗೇಣಿದಾರರು ಕಾಗೋಡು ಸತ್ಯಾಗ್ರಹ ಮಾಡಿದ್ದರು. ಉಳುವವನಿಗೆ ಭೂಮಿ ಕೊಡುವ ಕಾನೂನಿನ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅಷ್ಟೊತ್ತಿಗೆ ಅಜ್ಜಿಯ ಗದ್ದೆ ನೀರಿಗೆ ಹೋಗಿ ಹತ್ತು ವರ್ಷ ಆಗಿತ್ತು. ಪರಿಹಾರ ಒಡೆಯರ ಹೆಸರಿಗೆ ಬಂತು. ನಮ್ಮವರನ್ನು ಲಾರಿಯಲ್ಲಿ ತಂದು ಬೇರೆ ತಾಲ್ಲೂಕಿನ ಕಾಡಿನಲ್ಲಿ ಇಳಿಸಿದರು. ಅಲ್ಲಿ ಕಡಿದು ಮಾಡಿದ ಗದ್ದೆಗೆ ಇವತ್ತಿಗೂ ಹಕ್ಕುಪತ್ರ ಸಿಕ್ಕಿಲ್ಲ. ಶರಾವತಿ ಸಂತ್ರಸ್ತರಲ್ಲಿ ಇದು ನಮ್ಮೊಬ್ಬರ ಕತೆ ಅಲ್ಲ.

ಹಾಗಾದರೆ ಆ ಕಲ್ಲಿನಲ್ಲಿ ಅಜ್ಜಿಯಂಥವರ ಪಾಲು ಏನೂ ಇಲ್ಲವೇ? ಇದೆ ಅಂತ ಈಗ ನನಗೆ ಅನಿಸುತ್ತದೆ, ಅದೂ ನಾವು ದಾಟಿ ಹೋಗುವ ಸಾಲುಗಳಲ್ಲೇ. ಎಷ್ಟೋ ತಾಮ್ರಶಾಸನಗಳು ಸಂಸ್ಕೃತದಲ್ಲಿ ನಡೆದು, ಎಲ್ಲೆಯ ಮಾತು ಬಂದಾಗ ಮಾತ್ರ ಕನ್ನಡಕ್ಕೆ ತಿರುಗುತ್ತವೆ. ರಾಜನ ಹೊಗಳಿಕೆಯನ್ನು ಪಂಡಿತ ಬರೆಯಬಹುದು. ಹಳ್ಳ ಎಲ್ಲಿ ತಿರುಗುತ್ತದೆ, ಮರ ಯಾವ ಬದಿಗಿದೆ ಅನ್ನುವುದನ್ನು ಆ ನೆಲ ತುಳಿದವರೇ ಹೇಳಬೇಕು. ಶಾಸನದಲ್ಲಿ ಊರಿನವರ ದನಿ ಕೇಳುವ ಜಾಗ ಅದು. ಅಜ್ಜಿ ನನಗೆ ಹೇಳಿದ್ದು ಅದೇ ದನಿಯಲ್ಲಿ.

ಅಜ್ಜಿ ಈಗಿಲ್ಲ. ಅವಳು ಹೇಳಿದ ನಾಲ್ಕು ಸಾಲು ನನ್ನ ನೋಟ್‌ಬುಕ್ಕಿನಲ್ಲಿವೆ. ಇದನ್ನು ಓದುವ ನಿಮ್ಮ ಮನೆಯಲ್ಲಿ ಲಿಂಗನಮಕ್ಕಿಯದೋ, ಹೇಮಾವತಿಯದೋ, ಕಬಿನಿಯದೋ, ಆಲಮಟ್ಟಿಯದೋ ನೀರಿಗೆ ಊರು ಬಿಟ್ಟು ಬಂದ ಹಿರಿಯರಿದ್ದರೆ ಅವರನ್ನು ಕೇಳಿ. ಊರು ಚೆನ್ನಾಗಿತ್ತಾ ಅಂತ ಕೇಳಬೇಡಿ, ಮೂಡಲಿಗೆ ಏನಿತ್ತು ಅಂತ ಕೇಳಿ. ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಬರೆದ ಕಲ್ಲು ಕಣ್ಣಿಗೆ ಬಿದ್ದರೆ ಕೀಳಬೇಡಿ, ಸಾಗಿಸಬೇಡಿ. ಫೋಟೋ ತೆಗೆದು, ಅದರ ನಾಲ್ಕು ದಿಕ್ಕಿಗೆ ಏನಿದೆ ಅಂತ ಗುರುತು ಮಾಡಿ, ಪುರಾತತ್ವ ಇಲಾಖೆಗೆ ತಿಳಿಸಿ. ನಮ್ಮ ಬಡಗು ಬದಿಯ ಕಲ್ಲು ಸಿಕ್ಕರೆ ನನಗೂ ಒಂದು ಮಾತು ಹೇಳಿ. ಗುರುತು ಮೇಲೆ ಬರೆದಿದ್ದೇನೆ.