ಸ್ಕೋಶಿಯಾ: ಮರದ ಕಂಪನಿ ಕಟ್ಟಿದ ಊರು



ಬೆಳ್ಳಿಹಬ್ಬದ ಸಂಚಿಕೆಗೆ ನೀವೂ ಏನಾದ್ರೂ ಬರೀರಿ ಅಂತ ಅಧ್ಯಕ್ಷರು ಹೇಳಿದರು. ಸಂಘದ ಇತಿಹಾಸ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಓದಿ ತಿಳಿದ ದೂರದ ಒಂದು ಊರಿನ ಸಂಗತಿ ಬರೆಯುತ್ತೇನೆ.

ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಈಲ್ ನದಿಯ ದಡದಲ್ಲಿ ಸ್ಕೋಶಿಯಾ ಇದೆ. ಸುತ್ತಲೂ ರೆಡ್‌ವುಡ್ ಕಾಡು. ಮುನ್ನೂರು ಅಡಿ ಮೀರುವ ಮರಗಳು! 1863 ರಲ್ಲಿ ಹುಟ್ಟಿದ ಪೆಸಿಫಿಕ್ ಲಂಬರ್ ಕಂಪನಿ 1880 ರ ದಶಕದಲ್ಲಿ ಇಲ್ಲಿ ಮಿಲ್ಲು ಹಾಕಿ, ಕೆಲಸಗಾರರಿಗೆ ಊರನ್ನೇ ಕಟ್ಟಿಸಿತು. ಮೊದಲು ಫಾರೆಸ್ಟ್‌ವಿಲ್ ಅಂತಿದ್ದ ಹೆಸರು 1888 ರಲ್ಲಿ ಸ್ಕೋಶಿಯಾ ಆಯಿತು.

ಸಾಲುಸಾಲಾಗಿ ಇನ್ನೂರೈವತ್ತಕ್ಕೂ ಹೆಚ್ಚು ಮರದ ಮನೆಗಳು. ಈ ಮರಕ್ಕೆ ಗೆದ್ದಲು ಸುಲಭಕ್ಕೆ ಹತ್ತೋದಿಲ್ಲವಂತೆ, ನಮ್ಮ ಜಂತಿಗಳಿಗೂ ಅಂಥದ್ದು ಸಿಕ್ಕಿದ್ದರೆ! 1920 ರಲ್ಲಿ ಕಟ್ಟಿದ ಬ್ಯಾಂಕು ನೋಡಲು ಗ್ರೀಕರ ದೇವಸ್ಥಾನದ ಹಾಗೆ, ಆದರೆ ಕಲ್ಲುಕಂಬದ ಬದಲು ತೊಗಟೆ ಸಮೇತ ನಿಲ್ಲಿಸಿದ ರೆಡ್‌ವುಡ್ ದಿಮ್ಮಿಗಳು. ವಿನೆಮಾ ಚಿತ್ರಮಂದಿರವೂ ಅದೇ ವರ್ಷದ್ದು, ಅದೇ ಮರದ್ದು.

ಬಾಡಿಗೆ ಕಡಿಮೆ, ರಿಪೇರಿ ಕಂಪನಿಯದೇ. ಮಕ್ಕಳ ಕಾಲೇಜಿಗೆ ವಿದ್ಯಾರ್ಥಿವೇತನವೂ ಇತ್ತು. ಮರ್ಫಿ ಮನೆತನದ ಆಡಳಿತದಲ್ಲಿ ಕಾಡನ್ನು ಬೋಳಿಸದೆ ಆರಿಸಿ ಆರಿಸಿ ಕಡಿಯುತ್ತಿದ್ದರು, ಮೊಮ್ಮಕ್ಕಳಿಗೂ ಕೆಲಸ ಉಳಿಯಲಿ ಅಂತ. ಆದರೆ ಮನೆ ಮಾತ್ರ ಯಾರ ಸ್ವಂತದ್ದೂ ಅಲ್ಲ.

ಕಂಪನಿಯ ಷೇರು ಪೇಟೆಯಲ್ಲಿತ್ತು, ಅಲ್ಲೇ ಎಡವಟ್ಟಾದದ್ದು. 1985-86 ರಲ್ಲಿ ಚಾರ್ಲ್ಸ್ ಹರ್ವಿಟ್ಜ್ ಅವರ ಮ್ಯಾಕ್ಸಮ್ ಸಂಸ್ಥೆ ಭಾರೀ ಸಾಲ ಎತ್ತಿ ಷೇರುಗಳನ್ನು ಕೊಂಡುಕೊಂಡಿತು. ನಮ್ಮ ಸಂಘದಲ್ಲಿ ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಓಟು. ಅಲ್ಲಿ ಹಾಗಲ್ಲ, ಷೇರು ಇದ್ದವನದೇ ಮಾತು. ಸಾಲ ತೀರಿಸಲು ಕಡಿತ ದುಪ್ಪಟ್ಟಾಯಿತು. ಪಿಂಚಣಿ ನಿಧಿಯಲ್ಲಿ ಹೆಚ್ಚುವರಿ ಇದ್ದ ಐದು ಕೋಟಿ ಡಾಲರಿಗೂ ಮಿಕ್ಕ ಹಣವನ್ನೂ ಹೊಸ ಮಾಲೀಕರು ತೆಗೆದುಕೊಂಡರು. ಪಿಂಚಣಿ ಹೊಣೆಯನ್ನು ವಹಿಸಿಕೊಟ್ಟ ವಿಮಾ ಕಂಪನಿ 1991 ರಲ್ಲಿ ಕುಸಿಯಿತು. ಮರುವರ್ಷ ಏಪ್ರಿಲ್‌ನಲ್ಲಿ ಭೂಕಂಪ, ಬೆಂಕಿ. ಊರಿನ ಅಂಗಡಿಸಾಲು ಸುಟ್ಟುಹೋಯಿತು.

2007 ರಲ್ಲಿ ಕಂಪನಿ ದಿವಾಳಿ. ಮರುವರ್ಷ ಕಾಡು, ಮಿಲ್ಲು ಬೇರೆ ಕಂಪನಿಗೆ ಹೋದವು, ಮನೆಗಳು ಸಾಲ ಕೊಟ್ಟವರ ಪಾಲಾದವು. ಅದಾಗಿ ಹತ್ತು ವರ್ಷದ ಹೊತ್ತಿಗೆ ಮನೆಗಳನ್ನು ಒಂದೊಂದಾಗಿ ಮಾರಲು ಶುರುಮಾಡಿದರು. ನೂರು ವರ್ಷ ಮೀರಿದ ಆ ಊರಿನ ಮನೆಗಳಿಗೆ ಜನರ ಹೆಸರಿನಲ್ಲಿ ಖಾತೆ ಆದದ್ದು ಆಗಲೇ.